ಆ ಊರು ನನಗಿಂತ ಚಿಕ್ಕದು

ಮಾನ್ಯ ಸಂಪಾದಕರೆ,

ಭಾನುವಾರದ ಪುರವಣಿಯ ಪ್ರವಾಸ ಲೇಖನದಲ್ಲಿ ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ ಸ್ಕೀಯಿಂಗ್‌ಗೆ (ಹಿಮದ ಮೇಲೆ ಜಾರುವ ಆಟಕ್ಕೆ) ಹೆಸರಾದ ಅವೊರಿಯಾಜ್ ಅನ್ನು 'ಶತಮಾನಗಳಷ್ಟು ಹಳೆಯ ಹಳ್ಳಿ' ಎಂದು ಬರೆದಿದ್ದೀರಿ. ಹೋದ ಫೆಬ್ರುವರಿಯಲ್ಲಿ ಮಗಳ ಜೊತೆ ನಾಲ್ಕು ದಿನ ಅಲ್ಲಿದ್ದು ಬಂದವಳು ನಾನು. ಆ ಊರು ಶುರುವಾದದ್ದು 1966ರಲ್ಲಿ. ನಾನಾಗ ನಾಲ್ಕನೇ ಕ್ಲಾಸು!

ಅದಕ್ಕೂ ಮುಂಚೆ 1800 ಮೀಟರ್ ಎತ್ತರದ ಆ ಜಾಗ ಬೇಸಿಗೆಯಲ್ಲಿ ದನ ಮೇಯುವ ಹುಲ್ಲುಗಾವಲು. ಕೆಳಗಿನ ಮೊರ್ಜೀನ್ ಊರಿನ ಜಾಂ ವುವಾರ್ನೆ 1960ರ ಒಲಿಂಪಿಕ್ಸ್‌ನಲ್ಲಿ ಸ್ಕೀಯಿಂಗ್ ಚಿನ್ನ ಗೆದ್ದವರು. ಇಲ್ಲೊಂದು ಊರು ಕಟ್ಟಬೇಕೆಂದು ಹೊರಟವರು ಅವರೇ. ನಕ್ಷೆ ಮಾಡಿದ ಝಾಕ್ ಲಾಬ್ರೊ ಅವರಿಗೆ ಆಗ ಮೂವತ್ತರ ಆಸುಪಾಸು.

ಲೇಖಕರು ಮೋಸಹೋದದ್ದು ಬಹುಶಃ ಮರದ ಬಣ್ಣಕ್ಕೆ. ಕಟ್ಟಡಗಳಿಗೆ ಮೈತುಂಬ ಸೀಡರ್ ಮರದ ಪುಟ್ಟ ಬಿಲ್ಲೆಗಳನ್ನು ಮೀನಿನ ಹುರುಪೆಯ ಹಾಗೆ ಹೊದಿಸಿದ್ದಾರೆ. ಬಿಸಿಲು, ಹಿಮ ತಾಗುವ ಕಡೆ ಅವು ಬೂದಿಬಣ್ಣಕ್ಕೆ ತಿರುಗಿವೆ. ನಮ್ಮ ಬಾಗಿಲ ಸೂರಿನಡಿ ಕೈಯಿಟ್ಟು ನೋಡಿದೆ. ಅಲ್ಲಿನ್ನೂ ಬೆಲ್ಲದ ಕೆಂಪು ಉಳಿದಿತ್ತು. ದೂರದಿಂದ ಎಲ್ಲವೂ ಬಂಡೆಯೇ. ಹಾಗೆ ಕಾಣಲೆಂದೇ ಕಟ್ಟಿದ್ದು.

ನೀವು ಬರೆಯದೆ ಬಿಟ್ಟದ್ದು ಇನ್ನೊಂದಿದೆ. ಊರೊಳಗೆ ಕಾರಿಗೆ ಪ್ರವೇಶವಿಲ್ಲ. ನಮ್ಮ ಟ್ರಾವೆಲ್ ಏಜೆಂಟರು 'ಬಾಗಿಲವರೆಗೂ ಟ್ಯಾಕ್ಸಿ' ಎಂದಿದ್ದರು. ಟ್ಯಾಕ್ಸಿ ಊರ ಬಾಗಿಲಲ್ಲೇ ನಿಂತಿತು. ಮೂರು ಸೂಟ್‌ಕೇಸು, ನನ್ನ ಮಂಡಿ, ಮೇಲೆ ಬೀಳುವ ಹಿಮ. ಕಡೆಗೆ ಕುದುರೆ ಎಳೆಯುವ ಜಾರುಬಂಡಿ ಹತ್ತಿದೆವು. ಕುದುರೆಯ ಮೂತಿಯ ಕೂದಲಿಗೆ ಮಂಜು ಹರಳುಗಟ್ಟಿತ್ತು; ಗೆಜ್ಜೆ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಸಿಟ್ಟೆಲ್ಲ ಇಳಿಯಿತೆನ್ನಿ. (ಏಜೆಂಟರ ಮೇಲಿನದ್ದು ಇನ್ನೂ ಇಳಿದಿಲ್ಲ.)

ಬೀದಿಯ ಹಿಮವನ್ನೂ ಬಳಿದು ತೆಗೆಯುವುದಿಲ್ಲ, ಜನ ಸ್ಕೀ ಮೇಲೆಯೇ ಮನೆಗೆ ಬರುತ್ತಾರೆ. ಬ್ರೆಡ್ ತರಲು ಹೊರಟರೆ ಬೆನ್ನ ಹಿಂದೆ 'ಸರ್ರ್' ಎಂದು ಯಾರೋ ಹಾದು ಹೋಗುತ್ತಾರೆ, ಎದೆ ಧಸಕ್ಕೆನ್ನುತ್ತದೆ. ಆದರೆ ಕೆಳಗಿನ ಬೀದಿಯಿಂದ ಮೇಲಿನ ಬೀದಿಗೆ ಹೋಗಲು ಸಾರ್ವಜನಿಕ ಲಿಫ್ಟ್‌ಗಳಿವೆ. ಮಂಡಿನೋವಿನವರಿಗೆ ಲೇಖನದಲ್ಲಿ ಬೇಕಾದದ್ದು ಇಂಥ ಮಾತು.

ಹೆಸರಿನ ವಿಷಯ: ಬರೆಯುವಾಗ ಕೊನೆಗೆ 'ಜ್' ಇದ್ದರೂ ಅಲ್ಲಿನವರು 'ಅವೊರಿಯಾ' ಎನ್ನುತ್ತಾರೆ. ಇದನ್ನು ಬಿಟ್ಟರೂ ಪರವಾಗಿಲ್ಲ, ಇಸವಿಯನ್ನು ಮಾತ್ರ ದಯವಿಟ್ಟು ತಿದ್ದಿ ಪ್ರಕಟಿಸಿ.

ಇತಿ,
ನಿವೃತ್ತ ಶಿಕ್ಷಕಿ