ಮೊದಲ ಕಿಲ್ಟ್ ಕೊಳ್ಳುವವರಿಗೆ

ಗೆಳೆಯರೇ, ಜನವರಿ 25ರ ಬರ್ನ್ಸ್ ನೈಟ್‌ಗೆ (ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ ನೆನಪಿನ ಔತಣ) ಕಿಲ್ಟ್ (ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ನೆರಿಗೆಯ ಉಡುಪು) ತಗೋಬೇಕು, ಜಾಸ್ತಿ ದುಡ್ಡಿಲ್ಲ ಎಂದು ಮೂರ್ನಾಲ್ಕು ಜನ ಕೇಳಿದ್ದೀರಿ. ಎಲ್ಲರಿಗೂ ಇಲ್ಲೇ ಬರೆಯುತ್ತಿದ್ದೇನೆ.

8 ಗಜ ಉಣ್ಣೆ ಬಟ್ಟೆಯಲ್ಲಿ ಕೈಯಿಂದ ಹೊಲಿದ ಕಿಲ್ಟ್ ಸಾಮಾನ್ಯವಾಗಿ 400 ಪೌಂಡ್ ದಾಟುತ್ತದೆ. ಮೊದಲ ಸಲಕ್ಕೆ ಅದು ಬೇಡ. ಪಾಲಿ ವಿಸ್ಕೋಸ್ ಎಂಬ ಕೃತಕ ನೂಲಿನ ಬಟ್ಟೆಯದು 100 ಪೌಂಡ್ ಒಳಗೇ ಸಿಗುತ್ತದೆ, ಮನೆಯಲ್ಲೇ ಒಗೆಯಬಹುದು. ಆದರೆ ನನ್ನನ್ನು ಕೇಳಿದರೆ, ಎಡಿನ್‌ಬರೋ, ಗ್ಲಾಸ್ಗೋದ ಚಾರಿಟಿ ಅಂಗಡಿಗಳಲ್ಲಿ ಹಳೆಯ ಉಣ್ಣೆ ಕಿಲ್ಟ್ ಹುಡುಕಿ. ಒಳ್ಳೆ ಉಣ್ಣೆಯ ನೆರಿಗೆ ನಡೆಯುವಾಗ ತೂಗುವ ಚೆಂದವೇ ಬೇರೆ! ಹುಳ ತಿಂದ ತೂತು ಇದೆಯಾ ಎಂದು ಬೆಳಕಿಗೆ ಹಿಡಿದು ನೋಡಿ.

ಅಳತೆಯಲ್ಲೇ ಎಲ್ಲರೂ ಎಡವುವುದು. ಪ್ಯಾಂಟಿನ ಸೈಜ್ ಹೇಳಬೇಡಿ. ಕಿಲ್ಟ್ ನಿಲ್ಲುವುದು ಹೊಕ್ಕಳ ಮಟ್ಟದಲ್ಲಿ, ಅಲ್ಲಿ ಟೇಪ್ ಹಿಡಿಯಿರಿ. ಸೊಂಟದ ಕೆಳಗೆ ದಪ್ಪ ಇರುವ ಕಡೆಯೂ ಅಳೆಯಿರಿ. ಉದ್ದ ಮಂಡಿಯ ನಡುವಿನವರೆಗೆ ಸಾಕು. ಸುತ್ತಳತೆ ಸ್ವಲ್ಪ ಹೆಚ್ಚು ಕಡಿಮೆ ಆದರೆ ಬಕಲ್ ಸರಿಸಬಹುದು, ಉದ್ದ ಬದಲಿಸುವುದು ಕಷ್ಟ.

ನಮಗೆ ಕ್ಲಾನ್ (ಸ್ಕಾಟಿಷ್ ಮನೆತನ) ಇಲ್ವಲ್ಲ, ಯಾವ ಟಾರ್ಟನ್ (ಮನೆತನಗಳ ಗುರುತಾದ ಚೌಕುಳಿ ವಿನ್ಯಾಸ) ಎಂಬ ಚಿಂತೆ ಬೇಡ. ಬ್ಲ್ಯಾಕ್ ವಾಚ್ ಎಂಬ ಟಾರ್ಟನ್ ಯಾರು ಬೇಕಾದರೂ ಉಡಬಹುದು. ಅದರ ಕಡುಹಸಿರು, ನೀಲಿ ಬಣ್ಣ ಎಲ್ಲ ಅಂಗಿಗೂ ಒಪ್ಪುತ್ತದೆ.

ನೆನಪಿರಲಿ, ಪಂಚೆಯ ಹಾಗಲ್ಲ, ನೆರಿಗೆ ಹಿಂದೆ ಬರಬೇಕು. ಮುಂದೆ ಒಂದರ ಮೇಲೊಂದು ಬರುವ ಎರಡು ಪದರಗಳಿಗೆ ಕಿಲ್ಟ್ ಪಿನ್ ಚುಚ್ಚುವಾಗ ಮೇಲಿನದಕ್ಕೆ ಮಾತ್ರ, ಎರಡನ್ನೂ ಸೇರಿಸಿದರೆ ಬಟ್ಟೆ ಹರಿಯುತ್ತದೆ.

ನನ್ನ ಹತ್ತಿರ ಒಂದು ಸ್ಪೋರನ್ (ಕಿಲ್ಟ್‌ನ ಮುಂದೆ ಸೊಂಟದಿಂದ ತೂಗುಹಾಕುವ ಚೀಲ) ಇದೆ. ಬೇಕಾದವರು ತಿಳಿಸಿ, ಆ ದಿನಕ್ಕೆ ಕೊಡುತ್ತೇನೆ.