ಹಳೇ ಬ್ಯಾಟರಿ, ಕಲಾಯಿ: ಸ್ವಲ್ಪ ಗಮನಿಸಿ

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿಯೋ ಮುಂಚೆ ನಮ್ಮ ತೀರ್ಥಹಳ್ಳಿ ಕಡೆ ಎಷ್ಟೋ ಮನೆಗಳಲ್ಲಿ ಇನ್ವರ್ಟರ್ ಬ್ಯಾಟರಿ ಬದಲಾಗುತ್ತೆ. ಹಳೇದನ್ನ ಗುಜರಿಗೆ ಹಾಕಬೇಡಿ, ಹೊಸದು ತಗೊಂಡ ಅಂಗಡಿಗೇ ಕೊಡಿ. ಸಿಕ್ಕಸಿಕ್ಕಲ್ಲಿ ಒಡೆದರೆ ಒಳಗಿನ ಸೀಸ (ಲೆಡ್ ಅನ್ನೋ ವಿಷದ ಲೋಹ) ಮಣ್ಣಿಗೆ ಸೇರಿ ವರ್ಷಗಟ್ಟಲೆ ಅಲ್ಲೇ ಕೂರುತ್ತೆ. ಆಡೋ ಮಕ್ಕಳ ಕೈಯಿಂದ ಬಾಯಿಗೆ. ದೊಡ್ಡವರಿಗಿಂತ ಮಕ್ಕಳ ಮೈ ನಾಲ್ಕೈದು ಪಟ್ಟು ಸೀಸ ಹೀರುತ್ತೆ.

ಹಿತ್ತಾಳೆ, ತಾಮ್ರದ ಪಾತ್ರೆ ಒಳಗೆ ತವರ ಬಳಿಸಿ ಕಲಾಯಿ ಹಾಕಿಸೋರೂ ಕೇಳಿ. ಶುದ್ಧ ತವರ ದುಬಾರಿ, ಹಾಗಾಗಿ ಕೆಲವು ಕಡೆ ಸೀಸ ಬೆರೆಸ್ತಾರೆ. ಅಂಥ ಪಾತ್ರೆಲಿ ವಾಟೆಹುಳಿ ಸಾರು ಕುದಿಸಿದರೆ ಸೀಸ ಸಾರಿಗೇ ಬಿಟ್ಟುಕೊಳ್ಳುತ್ತೆ, ರುಚಿಲಿ ಏನೂ ಗೊತ್ತಾಗಲ್ಲ.

ಮಕ್ಕಳ ಮೈಗೆ ಸೀಸ ಸೇರಿದರೆ ಕಾಣೋದು ಹೊಟ್ಟೆನೋವು, ಮಲಬದ್ಧತೆ, ರಕ್ತಹೀನತೆ, ಸಿಡುಕು, ಪಾಠ ತಲೆಗೆ ಹತ್ತದಿರೋದು. ನಾವು ಜಂತುಹುಳ ಅಂದ್ಕೊಂಡು ಮಾತ್ರೆ ನುಂಗಿಸಿ ಸುಮ್ಮನಾಗ್ತೀವಿ. ರಕ್ತ ಪರೀಕ್ಷೆ ಮಾಡಿಸಿದರೇ ತಿಳಿಯೋದು. ಒಂದು ಡೆಸಿಲೀಟರ್ (100 ಮಿ.ಲೀ.) ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಇದ್ದರೂ ಎಲ್ಲಿಂದ ಬಂತು ಅಂತ ಹುಡುಕಬೇಕು. 2020ರ ಯುನಿಸೆಫ್ ವರದಿ ಪ್ರಕಾರ ಜಗತ್ತಿನ ಮೂರರಲ್ಲಿ ಒಂದು ಮಗುವಿನ ರಕ್ತದಲ್ಲಿ ಅಷ್ಟು ಅಥವಾ ಅದಕ್ಕಿಂತ ಹೆಚ್ಚು ಸೀಸ ಇದೆ.

ಭಾನುವಾರ ನಮ್ಮ ಪಿಕಪ್ ಶಿವಮೊಗ್ಗಕ್ಕೆ ಹೋಗುತ್ತೆ. ಹಳೇ ಬ್ಯಾಟರಿ ಇರೋರು ಇಲ್ಲೇ ತಿಳಿಸಿ, ಒಟ್ಟಿಗೇ ಹಾಕ್ಕೊಂಡು ಹೋಗ್ತೀನಿ.