ಹಳೆ ಸರ್ವರ್‌ಗಳನ್ನು ಬಿಚ್ಚಿ ಮಾರುವ ಮುನ್ನ ಪಾಲಿಟೆಕ್ನಿಕ್‌ಗಳಿಗೆ ಕೊಡಿ

ಮಾನ್ಯ ಸಂಪಾದಕರೇ,

ಎಚ್‌ಪಿ ಕಂಪನಿಯ ದೊಡ್ಡ ಸರ್ವರ್‌ಗಳನ್ನು ಓಡಿಸುವ ಎಚ್‌ಪಿ-ಯುಎಕ್ಸ್ ಎಂಬ ಯೂನಿಕ್ಸ್ ಆಪರೇಟಿಂಗ್ ಸಿಸ್ಟಮ್‌ಗೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಡಿಸೆಂಬರ್ 31ಕ್ಕೆ ಮುಗಿಯಿತು. ಅದು ಓಡುತ್ತಿದ್ದ ಇಟಾನಿಯಂ ಚಿಪ್‌ಗಳನ್ನು ಇಂಟೆಲ್ ಕಂಪನಿ 2021ರ ಜುಲೈಗೇ ನಿಲ್ಲಿಸಿತ್ತು. ಹಾಗಾಗಿ ಇಷ್ಟು ವರ್ಷ ಬ್ಯಾಂಕು, ಟೆಲಿಕಾಂ, ಕಾರ್ಖಾನೆಗಳ ಲೆಕ್ಕ ಹೊತ್ತು ನಿಂತಿದ್ದ ದೊಡ್ಡ ಸರ್ವರ್‌ಗಳು ಈಗ ಒಂದೊಂದಾಗಿ ಡೇಟಾ ಸೆಂಟರ್‌ಗಳಿಂದ ಹೊರಗೆ ಬರುತ್ತಿವೆ. ಬಹಳಷ್ಟು ಗುಜರಿಗೆ ಹೋಗುತ್ತವೆ. ಹೋಗುವ ಮೊದಲು ಒಂದು ಮಾತು ಹೇಳಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ಯೂನಿಕ್ಸ್ ಅಡ್ಮಿನ್ ಆಗಿ, ಅಂದರೆ ಇಂಥ ಸರ್ವರ್‌ಗಳನ್ನು ನೋಡಿಕೊಳ್ಳುವ ಕೆಲಸ ಮಾಡಿ ನಿವೃತ್ತನಾದವನು. ಸರ್ವೀಸಿನ ಹೆಚ್ಚಿನ ಕಾಲ ಕಳೆದದ್ದು ಎಚ್‌ಪಿಯ ದೊಡ್ಡ ಸರ್ವರ್ ಆದ ಸೂಪರ್‌ಡೋಮ್ ಮತ್ತು ಅದರ ಚಿಕ್ಕ ತಮ್ಮಂದಿರಾದ ಆರ್‌ಎಕ್ಸ್ 7640, ಆರ್‌ಎಕ್ಸ್ 8640 ಯಂತ್ರಗಳ ಜೊತೆ. ಈ ಯಂತ್ರಗಳ ವಿಶೇಷ ಏನೆಂದರೆ, ಒಂದು ಪೆಟ್ಟಿಗೆಯನ್ನು ಹಲವು ಸರ್ವರ್‌ಗಳಾಗಿ ಹಾರ್ಡ್‌ವೇರ್ ಮಟ್ಟದಲ್ಲೇ ಪಾಲು ಮಾಡಬಹುದು. ಡಿಸ್ಕನ್ನು ಸಿ ಡ್ರೈವ್, ಡಿ ಡ್ರೈವ್ ಅಂತ ಭಾಗ ಮಾಡುವುದಲ್ಲ ಇದು. ಒಳಗೆ ಸೆಲ್ ಬೋರ್ಡ್‌ಗಳಿರುತ್ತವೆ. ಪ್ರತಿ ಸೆಲ್‌ನಲ್ಲೂ ಅದರದೇ ಪ್ರೊಸೆಸರ್, ಅದರದೇ ಮೆಮೊರಿ. ಯಾವ ಸೆಲ್ ಯಾವ ಪಾರ್ಟಿಷನ್‌ಗೆ, ಅಂದರೆ ಯಾವ ಪಾಲಿಗೆ, ಸೇರಬೇಕು ಅನ್ನುವುದನ್ನು ಅಡ್ಮಿನ್ ಕಮಾಂಡ್ ಕೊಟ್ಟು ತೀರ್ಮಾನಿಸುತ್ತಾನೆ. ಒಂದೇ ಕಟ್ಟಡದಲ್ಲಿ ನಾಲ್ಕು ಬಾಡಿಗೆ ಮನೆ, ಪ್ರತಿ ಮನೆಗೂ ಬೇರೆ ಮೀಟರ್ ಇದ್ದ ಹಾಗೆ. ಒಂದು ಪಾರ್ಟಿಷನ್‌ನ ಸೆಲ್ ಕೆಟ್ಟು ಅದು ಕುಸಿದರೂ ಪಕ್ಕದ್ದು ಓಡುತ್ತಲೇ ಇರುತ್ತದೆ.

ಇದೆಲ್ಲ ನಡೆಯುವುದು ಕೆಲವೇ ಕಮಾಂಡ್‌ಗಳಿಂದ. ನೋಡುವುದಕ್ಕೆ ಪಾರ್‌ಸ್ಟೇಟಸ್, ಹೊಸದು ಮಾಡಲು ಪಾರ್‌ಕ್ರಿಯೇಟ್, ಬದಲಿಸಲು ಪಾರ್‌ಮಾಡಿಫೈ, ತೆಗೆಯಲು ಪಾರ್‌ರಿಮೂವ್. ಪಾರ್‌ಸ್ಟೇಟಸ್‌ಗೆ ದೊಡ್ಡ ಅಕ್ಷರದ ಸಿ ಕೊಟ್ಟರೆ ಇಡೀ ಯಂತ್ರದ ಸೆಲ್‌ಗಳ ಪಟ್ಟಿ ಬರುತ್ತದೆ. ಚಿಕ್ಕ ಅಕ್ಷರದ ಸಿ ಮತ್ತು ನಂಬರ್ ಕೊಟ್ಟರೆ ಒಂದೇ ಸೆಲ್‌ನ ವಿವರ. ಆ ಪಟ್ಟಿಯ ಒಂದು ಸಾಲನ್ನು ಓದಲು ಕಲಿತರೆ ಸಾಕು, ಯಂತ್ರದ ನಾಡಿ ಸಿಕ್ಕಂತೆ. ಪ್ರೊಸೆಸರ್ ಕಾಲಂನಲ್ಲಿ 4/0/4 ಅಂತಿದ್ದರೆ ನಾಲ್ಕೂ ಸರಿ ಇವೆ. 3/1/4 ಅಂತ ಕಂಡರೆ ಒಂದನ್ನು ಯಂತ್ರ ಕೆಲಸದಿಂದ ಹೊರಗಿಟ್ಟಿದೆ. ಆ ಸಾಲಿನಲ್ಲೇ ಸೆಲ್ ಯಾವ ಐ/ಓ ಚಾಸಿಗೆ (ನೆಟ್‌ವರ್ಕ್, ಡಿಸ್ಕ್ ಕಾರ್ಡ್‌ಗಳು ಕೂರುವ ಚೌಕಟ್ಟು) ಸೇರಿದೆ, ಮುಂದಿನ ಬೂಟ್‌ನಲ್ಲಿ ಬಳಕೆಗೆ ಬರುತ್ತದೋ ಇಲ್ಲವೋ, ಅದು ಯಾವ ಪಾರ್ಟಿಷನ್‌ನದು ಅನ್ನುವುದೂ ಇರುತ್ತದೆ.

ಒಂದು ಘಟನೆ ಹೇಳುತ್ತೇನೆ. ವರ್ಷದ ಕೊನೆಯ ಲೆಕ್ಕ ಮುಗಿಸಬೇಕಿದ್ದ ಒಂದು ಸಂಸ್ಥೆಯಲ್ಲಿ ಡೇಟಾಬೇಸ್ ಪಾರ್ಟಿಷನ್‌ಗೆ ಮೆಮೊರಿ ಸಾಲುತ್ತಿರಲಿಲ್ಲ. ಖಾಲಿ ಇದ್ದ ಸೆಲ್ ಒಂದನ್ನು ಅದಕ್ಕೆ ಸೇರಿಸಲು ಅಲ್ಲಿನ ಹುಡುಗ ಪಾರ್‌ಮಾಡಿಫೈ ಕೊಟ್ಟ. ಸರಿಯಾಗಿಯೇ ಕೊಟ್ಟಿದ್ದ. ಆಮೇಲೆ ಮಾಮೂಲಿ ರೀಬೂಟ್ ಮಾಡಿದ. ಯಂತ್ರ ಎದ್ದು ಬಂತು, ಮೆಮೊರಿ ಮಾತ್ರ ಮೊದಲಿನಷ್ಟೇ! ಬೋರ್ಡ್ ಕೆಟ್ಟಿದೆ, ಬೇರೆ ತರಿಸಿ ಎಂದು ಎಲ್ಲರೂ ಗಡಿಬಿಡಿ ಮಾಡಿದರು. ನಾನು ಹೋಗಿ ಪಾರ್‌ಸ್ಟೇಟಸ್ ನೋಡಿದರೆ ಸೆಲ್ ಆ ಪಾರ್ಟಿಷನ್‌ಗೆ ಸೇರಿದೆ, ಆದರೆ ಇನ್‌ಆಕ್ಟಿವ್, ಅಂದರೆ ಇನ್ನೂ ಕೆಲಸಕ್ಕೆ ಇಳಿದಿಲ್ಲ. ಸೆಲ್‌ಗಳ ಹಂಚಿಕೆ ಬದಲಾದಾಗ ಶಟ್‌ಡೌನ್ ಕಮಾಂಡ್‌ಗೆ ಚಿಕ್ಕ ಆರ್ ಸಾಲದು, ದೊಡ್ಡ ಆರ್ ಕೊಡಬೇಕು. ಆಗ ಮಾತ್ರ ಯಂತ್ರ ಹೊಸ ಹಂಚಿಕೆಯನ್ನು ಓದಿಕೊಂಡು ಏಳುತ್ತದೆ. ಕೊಟ್ಟೆವು, ಸೆಲ್ ಒಳಗೆ ಬಂತು. ಆ ಹುಡುಗನದು ಏನೂ ತಪ್ಪಿಲ್ಲ. ಅಂಥ ಯಂತ್ರವನ್ನು ಕಾಲೇಜಿನಲ್ಲಿ ಕಣ್ಣಿಂದಲೂ ನೋಡಿರಲಿಲ್ಲ ಅವನು. ಮೊದಲ ಸಲ ಮುಟ್ಟಿದ್ದೇ ಕೋಟಿಗಟ್ಟಲೆ ವ್ಯವಹಾರ ನಡೆಯುವ ಸಿಸ್ಟಮ್ ಮೇಲೆ.

ನನ್ನ ಸಂಕಟ ಇರುವುದು ಅಲ್ಲೇ. ನಮ್ಮ ಡಿಪ್ಲೊಮಾ, ಎಂಜಿನಿಯರಿಂಗ್ ಮಕ್ಕಳಿಗೆ ಲ್ಯಾಬಿನಲ್ಲಿ ಸಿಗುವುದು ಡೆಸ್ಕ್‌ಟಾಪ್, ಇಲ್ಲವೇ ಬ್ರೌಸರ್‌ನಲ್ಲಿ ತೆರೆದ ಕ್ಲೌಡ್ ಪುಟ. ಬಟನ್ ಒತ್ತಿದರೆ ಸರ್ವರ್ ಸಿದ್ಧ. ಅದರ ಕೆಳಗೆ ಯಾವ ಪ್ರೊಸೆಸರ್, ಯಾವ ಮೆಮೊರಿ, ಯಾವುದು ಯಾರ ಪಾಲಿಗೆ ಹೋಯಿತು ಎಂದು ನೋಡುವ ಅವಕಾಶವೇ ಇಲ್ಲ.

ಹಳೆ ಯಂತ್ರದಲ್ಲಿ ಕಲಿತು ಏನುಪಯೋಗ ಅಂತ ಕೇಳುವವರಿದ್ದಾರೆ. ಜಾಸ್ತಿ ದೂರ ಹೋಗುವುದು ಬೇಡ, ಇವತ್ತಿನ ಎಐ ಸರ್ವರ್‌ಗಳನ್ನೇ ನೋಡಿ. ಎನ್‌ವಿಡಿಯಾ 2020ರಲ್ಲಿ ತಂದ ಎ100 ಎಂಬ ಜಿಪಿಯುವನ್ನು, ಅಂದರೆ ಎಐ ಲೆಕ್ಕಾಚಾರ ಮಾಡುವ ಚಿಪ್ಪನ್ನು, ಏಳು ಭಾಗಗಳವರೆಗೆ ಹಾರ್ಡ್‌ವೇರ್ ಮಟ್ಟದಲ್ಲೇ ಪಾಲು ಮಾಡಬಹುದು. ಈ ವ್ಯವಸ್ಥೆಗೆ ಮಿಗ್ ಅನ್ನುತ್ತಾರೆ. ಅದನ್ನು ಮಾಡುವುದೂ ಎನ್‌ವಿಡಿಯಾ-ಎಸ್‌ಎಂಐ ಎಂಬ ಕಮಾಂಡ್‌ನಿಂದಲೇ. ಮೊದಲು ಜಿಪಿಯು ಇನ್‌ಸ್ಟೆನ್ಸ್ (ಚಿಪ್ಪಿನ ಒಂದು ಪಾಲು) ಮಾಡಬೇಕು, ಅದರೊಳಗೆ ಕಂಪ್ಯೂಟ್ ಇನ್‌ಸ್ಟೆನ್ಸ್ (ಆ ಪಾಲಿನಲ್ಲಿ ಲೆಕ್ಕ ಮಾಡುವ ಭಾಗ) ಮಾಡಬೇಕು. ಎರಡನೆಯದನ್ನು ಬಿಟ್ಟರೆ ಯಾವ ಪ್ರೋಗ್ರಾಮೂ ಓಡುವುದಿಲ್ಲ. ಇನ್ನೊಂದು ವಿಷಯ. ಸೂಪರ್‌ಡೋಮ್‌ನಲ್ಲಿ ಪಾಲು ಮಾಡಿದ ವಿವರ ಯಂತ್ರದಲ್ಲೇ ಉಳಿಯುತ್ತದೆ, ಕರೆಂಟ್ ಹೋಗಿ ಬಂದರೂ ಹಾಗೇ ಇರುತ್ತದೆ. ಎ100ರಲ್ಲಿ ಸರ್ವರ್ ರೀಬೂಟ್ ಆದರೆ ಮಾಡಿದ ಪಾಲುಗಳು ಹೋಗುತ್ತವೆ, ಮತ್ತೆ ಮಾಡಬೇಕು. ಪಾಲಿನ ವಿವರ ಎಲ್ಲಿ ಉಳಿಯುತ್ತದೆ, ಯಾವಾಗ ಜಾರಿಗೆ ಬರುತ್ತದೆ ಎಂದು ಒಮ್ಮೆ ಕೈಯಾರೆ ಮಾಡಿ ನೋಡಿದವನು ಹೊಸ ಯಂತ್ರದ ಮುಂದೆ ಕೂತಾಗಲೂ ಇದೇ ಪ್ರಶ್ನೆಗಳನ್ನು ಕೇಳುತ್ತಾನೆ. ಐಬಿಎಂ ಪವರ್ ಸರ್ವರ್‌ಗಳಲ್ಲೂ ಎಲ್‌ಪಾರ್ ಎಂಬ ಪಾಲುಗಳನ್ನು ಎಚ್‌ಎಂಸಿ ಎಂಬ ನಿರ್ವಹಣಾ ಯಂತ್ರದಿಂದ ಕಮಾಂಡ್ ಕೊಟ್ಟು ನಿಭಾಯಿಸುವುದು ಇಂದಿಗೂ ನಡೆದಿದೆ. ಈ ವಿದ್ಯೆಗೆ ಕೆಲಸ ಇದೆ, ಕಲಿಸುವ ಜಾಗ ಇಲ್ಲ, ಅಷ್ಟೇ.

ಅದಕ್ಕೇ ನನ್ನ ಕೋರಿಕೆ. ರಾಜ್ಯದ ಕಾಲೇಜು ಮತ್ತು ತಾಂತ್ರಿಕ ಶಿಕ್ಷಣ ಇಲಾಖೆ ಮತ್ತು ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಈ ಯಂತ್ರಗಳನ್ನು ಕಳಚುತ್ತಿರುವ ಸಂಸ್ಥೆಗಳಿಗೆ ಒಂದು ಪತ್ರ ಬರೆಯಲಿ. ಸೂಪರ್‌ಡೋಮ್ ಬೇಡ. ಅದಕ್ಕೆ ಮೂರು ಫೇಸ್ ಕರೆಂಟು, ದೊಡ್ಡ ಎಸಿ ಎಲ್ಲ ಬೇಕು, ಕಾಲೇಜಿಗೆ ಭಾರ. ಎರಡು ಸೆಲ್‌ನ 7640 ಆದರೆ ಬೇರೆ ಲೈನ್ ಎಳೆಸಿ, ಒಂದು ಕೋಣೆಗೆ ಎಸಿ ಹಾಕಿಸಿದರೆ ನಡೆಯುತ್ತದೆ. ಎರಡೇ ಸೆಲ್ ಇದ್ದರೂ ಒಂದನ್ನು ಎರಡು ಮಾಡುವುದು, ಎರಡನ್ನು ಒಂದು ಮಾಡುವುದು, ಫ್ರೂಲೆಡ್ ಕಮಾಂಡ್ ಕೊಟ್ಟು ಇಂಥದೇ ಬೋರ್ಡ್‌ನ ದೀಪ ಹೊತ್ತಿಸಿ ಅದನ್ನೇ ಗುರುತಿಸುವುದು, ಎಲ್ಲ ಕಲಿಸಬಹುದು. ಕೀಬೋರ್ಡ್‌ನಲ್ಲಿ ಒತ್ತಿದ್ದು ಯಂತ್ರದಲ್ಲಿ ದೀಪವಾಗಿ ಉರಿಯುವುದನ್ನು ಮಕ್ಕಳು ನೋಡಲಿ.

ಗ್ರಾಹಕರ ಮಾಹಿತಿ ಸೋರಿಕೆಯ ಭಯ ಸಂಸ್ಥೆಗಳಿಗೆ ಇದ್ದೇ ಇರುತ್ತದೆ, ಅದು ನ್ಯಾಯವೇ. ಡಿಸ್ಕ್‌ಗಳನ್ನು ತೆಗೆದು ನಾಶ ಮಾಡಿಯೇ ಕೊಡಲಿ. ಪಾರ್ಟಿಷನ್ ಕಲಿಸಲು ಹಳೆ ಡೇಟಾ ಬೇಕಿಲ್ಲ, ಬೇರೆ ಖಾಲಿ ಡಿಸ್ಕ್ ಹಾಕಿಕೊಳ್ಳಬಹುದು. ಇನ್ನು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದ ಪ್ರಕಾರ ದೊಡ್ಡ ಸಂಸ್ಥೆಗಳು ಇ-ತ್ಯಾಜ್ಯವನ್ನು ನೋಂದಾಯಿತರಿಗಷ್ಟೇ ಒಪ್ಪಿಸಬೇಕು. ಆ ಪಟ್ಟಿಯಲ್ಲಿ ರಿಪೇರಿ ಮಾಡಿ ಮತ್ತೆ ಬಳಕೆಗೆ ತರುವವರೂ ಇದ್ದಾರೆ. ಕೆಲಸ ಮಾಡುತ್ತಿರುವ ಯಂತ್ರವನ್ನು ತ್ಯಾಜ್ಯ ಎಂದು ಬರೆಯುವ ಮೊದಲೇ ಕಾಲೇಜಿಗೆ ದಾನವಾಗಿ ಕೊಡಲು ದಾರಿ ಹುಡುಕಲಿ.

ಹರಾಜಿನ ಕಾಗದ ಬರೆಯುವ ಐಟಿ ಮ್ಯಾನೇಜರ್‌ಗಳಿಗೆ ಒಂದು ವಿನಂತಿ. ದಯವಿಟ್ಟು ಯಂತ್ರವನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರಬೇಡಿ. ಸೆಲ್ ಬೋರ್ಡ್ ಒಂದು ಕಡೆ, ಪವರ್ ಸಪ್ಲೈ ಇನ್ನೊಂದು ಕಡೆ ಹೋದರೆ ಮತ್ತೆ ಕೂಡಿಸುವುದು ಕಷ್ಟ. ಮುಖ್ಯವಾಗಿ ಇಡೀ ಯಂತ್ರವನ್ನು ಹೊರಗಿನಿಂದ ನಿಯಂತ್ರಿಸುವ ಮ್ಯಾನೇಜ್‌ಮೆಂಟ್ ಪ್ರೊಸೆಸರ್ ಕಾರ್ಡ್ ಯಂತ್ರದಲ್ಲೇ ಇರಲಿ, ಅದರ ಲಾಗಿನ್ ಪಾಸ್‌ವರ್ಡನ್ನೂ ಬದಲಿಸಿ, ಬರೆದು ಜೊತೆಗೆ ಕೊಡಿ. ಪಾರ್ಟಿಷನ್‌ಗಳನ್ನೆಲ್ಲ ಅಳಿಸಿ ಮೊದಲಿನಿಂದ ಕಟ್ಟಲು ಹೊರಟ ಕಾಲೇಜಿಗೆ ಆ ಕಾರ್ಡಿನ ಮೆನು ಒಂದೇ ದಾರಿ.

ಇತಿ,
ನಿವೃತ್ತ ಯೂನಿಕ್ಸ್ ಅಡ್ಮಿನ್,
ರಾಜಾಜಿನಗರ, ಬೆಂಗಳೂರು